ನಿಲ್ಲಿಸಿದವನೇ ಸಾಕು ಅನ್ನಬೇಕು

ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರಲ್ಲ. ಇದು ನನ್ನ ದೊಡ್ಡಪ್ಪನ ಮಗನಿಗೆ ಆಗಿದ್ದು.

ಅಣ್ಣ ಓದಿದ್ದೂ, ಆಮೇಲೆ ಮೇಷ್ಟ್ರಾಗಿದ್ದೂ ಒಂದೇ ಶಾಲೆಯಲ್ಲಿ. ಬರೀ ಹುಡುಗರ ಹಳೇ ಶಾಲೆ. ದೊಡ್ಡ ಹುಡುಗರು ಚಿಕ್ಕವರನ್ನ ಶಿಕ್ಷೆಗೆ ನಿಲ್ಲಿಸಬಹುದು. ನಿಲ್ಲಿಸಿದವನೇ ಬಂದು "ಸಾಕು" ಅನ್ನಬೇಕು. ಬೇರೆ ಯಾರಂದ್ರೂ ಲೆಕ್ಕಕ್ಕಿಲ್ಲ. ನಿಲ್ಲಿಸಿದ್ದು ಯಾರು ಅಂತ ಬಾಯಿ ಬಿಡೋ ಹಾಗೂ ಇಲ್ಲ.

ಅಣ್ಣ ಹಾಸ್ಟೆಲ್ ಲೀಡರ್ ಆಗಿದ್ದಾಗ ಹನ್ನೊಂದು ವರ್ಷದ ಹುಡುಗನೊಬ್ಬನನ್ನ ಚಳಿಯಲ್ಲಿ ಬಾವಿಕಟ್ಟೆ ಹತ್ರ ನಿಲ್ಲಿಸಿದ. ಅಣ್ಣ ಎದುರಿಗೆ ಬಂದಾಗ ಹುಡುಗನ ಕೈ ಜೇಬಿನಲ್ಲಿತ್ತಂತೆ, ಅದೇ ತಪ್ಪು! ಆಮೇಲೆ ಹೋಗಿ ಹೊದ್ದು ಮಲಗಿಬಿಟ್ಟ. ಹುಡುಗ ಬೆಳಗಿನವರೆಗೂ ನಿಂತಿದ್ದ. ಮೂರನೇ ದಿನ ಜ್ವರದಲ್ಲಿ ತೀರಿಹೋದ.

ಶಾಲೆಯವರು "ಮಾತು ಮೀರದ ಬಾಲಕ" ಅಂತ ಕಲ್ಲಲ್ಲಿ ಕೆತ್ತಿಸಿದ್ರು. ಅಣ್ಣ ತುಟಿ ಬಿಚ್ಚಲಿಲ್ಲ. ಅದೇ ಹಾಸ್ಟೆಲಲ್ಲಿ ಪಕ್ಕದ ಮಂಚದಲ್ಲಿದ್ದ ನಾನೂ ಬಿಚ್ಚಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಅಣ್ಣ ಪರೀಕ್ಷೆ ಪೇಪರ್ ತಿದ್ದಿ ತಡರಾತ್ರಿ ಅದೇ ಬಾವಿ ದಾಟಿ ಮನೆಗೆ ಹೊರಟಿದ್ದ. ಜೊತೆಗೆ ಟಾರ್ಚ್ ಹಿಡಿದ ವಾಚ್‌ಮನ್. ರಾಟೆ ಕಿರ್ರ್... ಅಂತು. ಗಾಳಿ ಇರಲಿಲ್ಲ. ಆಮೇಲೆ ಕಟಕಟ... ಕಟಕಟ... ಚಳಿಗೆ ಹಲ್ಲು ಬಡಿಯೋ ಸದ್ದು.

"ಅಣ್ಣಾ... ಸಾಕಾ?"

"ಯಾರೋ ಅದು?"

"ನನ್ನ ನಿಲ್ಲಿಸಿದ್ದು ನೀವೇ ಅಲ್ವಾ ಅಣ್ಣಾ?"

"ಹೌದು ಕಣೋ, ಸಾಕು" ಅಂದಿದ್ರೆ ಮುಗೀತಿತ್ತು. ಆದ್ರೆ ವಾಚ್‌ಮನ್ ಕೇಳಿಸ್ಕೋತಿದ್ದನಲ್ಲ... ಮೇಷ್ಟ್ರ ಮರ್ಯಾದೆ!

"ನಾನಲ್ಲ" ಅಂದ ಅಣ್ಣ.

ಹಲ್ಲಿನ ಸದ್ದು ನಿಂತುಹೋಯ್ತು.

"ಹಾಗಾದ್ರೆ ನಿಮ್ಮ 'ಸಾಕು' ನನಗೆ ಬೇಡ. ನಾನೇ ಹೋಗ್ತೀನಿ... ನೀವು ನಿಲ್ಲಿ."

ಟಪ್... ಟಪ್... ಪುಟ್ಟ ಹೆಜ್ಜೆ ಗೇಟು ದಾಟಿ ಹೋಯ್ತು.

"ಸಾರ್, ಬನ್ನಿ ಸಾರ್" ಅಂತ ವಾಚ್‌ಮನ್ ಎಳೆದ. ಅಣ್ಣ ಕದಲಲಿಲ್ಲ. ಬೆಳಗ್ಗೆ ನಾವು ನಾಲ್ಕು ಜನ ಕಂಬ ಹೊತ್ತ ಹಾಗೆ ಹೊತ್ತು ಮನೆಗೆ ತಂದ್ವಿ. ಮಂಡಿ ಮಡಚೋಕೇ ಆಗ್ತಿಲ್ಲ, ಆದ್ರೆ ಏನೂ ಆಗಿಲ್ಲ ಅಂತಾರೆ ಡಾಕ್ಟ್ರು. ಹತ್ತು ತಿಂಗಳಾಯ್ತು, ಊಟ ನಿಂತೇ, ನಿದ್ದೆನೂ ಗೋಡೆಗೆ ಒರಗಿ ನಿಂತೇ. ಕಾಲು ಊದಿಕೊಂಡಿದೆ. "ನಾನೇ ಕಣೋ, ನಾನೇ ನಿಲ್ಲಿಸಿದ್ದು" ಅಂತ ಈಗ ದಿನಾ ಅಳ್ತಾನೆ. ಅತ್ತಿಗೆ ಬಾವಿ ಹತ್ರ ಹೋಗಿ ಕೈಮುಗಿದು ಕರೆದು ಬರ್ತಾರೆ. ಅಲ್ಲಿ ಯಾರೂ ಇಲ್ಲ. ನಿಲ್ಲಿಸಿದವನು ಹೊರಟುಹೋದ. ಇನ್ನು ಸಾಕು ಅನ್ನೋರು ಯಾರು?

ಕಟ್ಟುಕತೆ ಅನ್ಬೇಡಿ. ಆವತ್ತು ಅಣ್ಣನ ಶೂ ಬಿಚ್ಚಿದ್ದು ಇದೇ ಕೈ. ಒಳಗಿದ್ದ ಕಾಲುಚೀಲ ಒದ್ದೆ... ಅಳತೆ ಹನ್ನೊಂದು ವರ್ಷದ ಹುಡುಗಂದು.