ಖಾಲಿ ಜಾಗದ ಗುರುತು

ಮಳಿ ಎಲ್ಲಿಂದ ಬರಬೇಕು ಅವ್ವ, ಈ ಬ್ಯಾಸಗಿಯೊಳಗ? ತಲಿ ತೊಳಕೊಂಡೀನಿ, ಅಷ್ಟ. ಪರೀಕ್ಷೆ ಮುಗಿಸಿ ನಮ್ಮ ಕ್ಲಾಸಿನ ನಗ್ಮಾನ ಜೋಡಿ ಸಿಂಧನೂರಿಗೆ, ಆಕಿ ಮನಿಗೆ ಹೋಗಿದ್ದೆ. ಬಸ್ಸಿನ ಧೂಳು ನಿನಗ ಗೊತ್ತಿದ್ದದ್ದ. ಆಕಿ ಅವ್ವ ಹಾಜಿರಾಬೀ ಅವರೇ ನೀರು ತೋಡಿ ಕೊಟ್ರು. ಅದಕ್ಕ ಕೂದಲು ಇನ್ನೂ ಹಸಿ ಐತಿ. ಹಂಗ ನೋಡಬ್ಯಾಡ.

ಇಲ್ಲ, ಒಳಗ ಬರಂಗಿಲ್ಲ. ಇಲ್ಲೇ ಹೊಸ್ತಿಲ ಹತ್ರ ಕುಂದರ್ತೀನಿ, ಗಾಳಿ ಬರ್ತೈತಿ. ನೀರಿನ ತಂಬಿಗಿ ಇತ್ತ ಸರಿಸು ಸಾಕು. ಕೈಯಾಗ ಕೊಡಬ್ಯಾಡ, ನೆಲದ ಮ್ಯಾಲ ಇಡು... ನಿನ್ನ ಕೈಗೆ ಹಿಟ್ಟು ಹತ್ತೈತಿ, ಅದಕ್ಕ ಅಂದೆ.

ಏನಂದಿ? ಯಾವ ಪ್ರಶ್ನೆ ಬಂದಿತ್ತು ಅಂದಿಯಾ?

ಎಷ್ಟು ದಿನ ಆಗಿತ್ತು ಅವ್ವ, ನೀ ಇದನ್ನ ಕೇಳಿ. ನಾ ಸಾಲಿಗೆ ಹೋಗಾಕತ್ತಾಗಿಂದ ನೀ ರೊಟ್ಟಿ ಬಡಕೋತ ನನ್ನ ಪಾಠ ಒಪ್ಪಿಸಿಕೊಂಡಾಕಿ. ‘ನನಗ ತಿಳಿಯಂಗ ಹೇಳು ಅಂಬಿಕಾ, ಇಲ್ಲಂದ್ರ ಪರೀಕ್ಷೆ ಮಾಡೋವನಿಗೂ ತಿಳಿಯಂಗಿಲ್ಲ’ ಅಂತಿದ್ದಿ. ವೀರೇಶಣ್ಣ ನೆಲ್ಲು ಕೊಯ್ಯೋ ಮಷೀನು ತೊಳಿಯಾಕ ಕಾಲುವೆಗೆ ಇಳಿದು, ಮ್ಯಾಲ ಬರಲಿಲ್ಲ ನೋಡು, ಅವತ್ತಿನಿಂದ ಒಂದು ಸಲಾನೂ ಕೇಳಿಲ್ಲ. ಇವತ್ತೇ ಕೇಳಬೇಕಾಗಿತ್ತಾ ನೀನು...

ಸಿಟ್ಟಲ್ಲ. ಹೇಳ್ತೀನಿ. ತಿಳಿಯಂಗೇ ಹೇಳ್ತೀನಿ.

ಕಂಪ್ಯೂಟರಿನೊಳಗ ಸಾವಿರಾರು ಹೆಸರು ಅದಾವ ಅನ್ಕೋ. ಅವನ್ನ ಹೆಂಗ ಜೋಡಿಸಿ ಇಟ್ಟರ, ಬೇಕಾದ ಹೆಸರು ಲಗೂನ ಕೈಗೆ ಸಿಗ್ತೈತಿ ಅನ್ನೋದೇ ಈ ಶಾಸ್ತ್ರ. ಅದರೊಳಗ ಹ್ಯಾಶ್ ಟೇಬಲ್ ಅಂತ ಒಂದು ಪದ್ಧತಿ. ಮದುವಿ ಊಟದ ಪಂಕ್ತಿ ಇದ್ದಂಗ. ಹೆಸರಿನಿಂದಲೇ ಒಂದು ಲೆಕ್ಕ ಹಾಕಿ, ಇವರ ಎಲಿ ಇಲ್ಲಿ ಅಂತ ಗೊತ್ತು ಮಾಡ್ತಾರ. ಅಲ್ಲಿ ಆಗಲೇ ಬ್ಯಾರೆಯವರು ಕುಂತಿದ್ರ ಬಾಜೂದಕ್ಕ ಸರಿಯೋದು; ಅದೂ ತುಂಬಿದ್ರ ಅದರ ಬಾಜೂದಕ್ಕ. ಖಾಲಿ ಸಿಕ್ಕಲ್ಲಿ ಕುಂದರೋದು. ಹುಡುಕೋವರೂ ಅದೇ ದಾರಿ ಹಿಡೀತಾರ. ಒಂದೊಂದೇ ಎಲಿ ನೋಡಿಕೋತ ಬರ್ತಾರ, ಖಾಲಿ ಜಾಗ ಕಂಡ ಕೂಡಲೇ ನಿಂತುಬಿಡ್ತಾರ. ‘ಆ ಮನುಷ್ಯಾ ಬಂದೇ ಇಲ್ಲ’ ಅಂತ ತಿರುಗಿ ಹೋಗ್ತಾರ. ಯಾಕಂದ್ರ ಬಂದಿದ್ರ ಈ ಖಾಲಿ ಜಾಗದಾಗೇ ಕುಂದರ್ತಿದ್ದ, ಇದನ್ನ ಬಿಟ್ಟು ಮುಂದ ಹೋಗ್ತಿರಲಿಲ್ಲ.

ಯಾಕ ನಗ್ತಿ? ಪಂಕ್ತಿಯೊಳಗ ಕುಂದರೋದು ಕಲಿಯಾಕ ಮಸ್ಕಿಯಿಂದ ಲಿಂಗಸುಗೂರಿಗೆ ದಿನಾ ಬಸ್ ಹತ್ತಬೇಕಾ ಅಂತಿಯಾ? ನಗು, ನಗು. ನಿನ್ನ ಹಲ್ಲು ಕಂಡು ಬಾಳ ದಿನ ಆಗೈತಿ.

ಈಗ ಪ್ರಶ್ನೆ ಕೇಳು. ಕುಂತವರೊಳಗ ಒಬ್ಬರು ಎದ್ದು ಹೋದ್ರ ಏನು ಮಾಡಬೇಕು?

ಹಾಂ, ‘ಖಾಲಿ ಬಿಡಬೇಕು’ ಅಂತ ಎಲ್ಲರೂ ಅಂತಾರ. ನಗ್ಮಾನೂ ಲ್ಯಾಬಿನೊಳಗ ಹಂಗೇ ಮಾಡಿದ್ಲು. ರಾಜೇಸಾಬ್ ಅಂತ ಒಂದು ಹೆಸರು ಅಳಿಸಿ ಜಾಗ ಖಾಲಿ ಬಿಟ್ಲು. ಆಮ್ಯಾಲ ತನ್ನ ಹೆಸರೇ ಹುಡುಕಿದ್ರ... ಇಲ್ಲ. ಆಕಿ ಹೆಸರು ತನ್ನ ಜಾಗದಾಗೇ ಕುಂತೈತಿ, ಆದ್ರ ಸಿಗವಲ್ದು. ಯಾಕಂದ್ರ ಹುಡುಕಾಟ ರಾಜೇಸಾಬನ ಜಾಗಕ್ಕ ಬಂದು ನಿಂತು, ಅಲ್ಲಿಂದಲೇ ತಿರುಗಿ ಹೋಗ್ತಿತ್ತು. ‘ನೋಡಲೇ, ಇದರ ಪ್ರಕಾರ ನಾ ಹುಟ್ಟೇ ಇಲ್ಲಂತ’ ಅಂತ ಆಕಿ ನಕ್ಕಿದ್ದೇ ನಕ್ಕಿದ್ದು.

ತಪ್ಪು ಎಲ್ಲೈತಿ ಅಂದ್ರ, ಖಾಲಿ ಅನ್ನೋದು ಎರಡು ನಮೂನಿ ಅವ್ವ. ಯಾರೂ ಎಂದೂ ಕುಂದರದ ಖಾಲಿ ಒಂದು. ಕುಂತು ಎದ್ದು ಹೋದವರ ಖಾಲಿ ಇನ್ನೊಂದು. ಎರಡನೇದನ್ನ ಸುಮ್ಮನ ಬಿಡಬಾರದು, ಅದಕ್ಕೊಂದು ಗುರುತು ಹಾಕಬೇಕು. ಇಲ್ಲಿ ಒಬ್ಬ ಇದ್ದ, ಈಗಿಲ್ಲ, ನೀ ಮುಂದ ನಡಿ, ಅಂತ. ಇಂಗ್ಲಿಷಿನವರು ಆ ಗುರುತಿಗೆ ಗೋರಿಕಲ್ಲು ಅಂತ ಹೆಸರಿಟ್ಟಾರ.

ಹೌದು, ಗೋರಿಕಲ್ಲು. ನಾ ಇಟ್ಟ ಹೆಸರಲ್ಲ ಅದು.

ರೊಟ್ಟಿ ಹೊತ್ತಾಕತ್ತೈತಿ, ಹೊಳ್ಳಿಸು.

ಇವತ್ತೂ ಮೂರು ಗಂಗಾಳ ಹಾಕೀದಿ. ಒಲಿ ಕಡಿಗೆ ನಿಂದು, ನಡುವ ಅಣ್ಣಂದು, ಆ ಕಡಿಗೆ ನಂದು. ನಾ ದಿನಾ ನೋಡ್ತೀನಿ. ನೀ ರೊಟ್ಟಿ ಬುಟ್ಟಿ ಹಿಡಕೊಂಡು ಬರ್ತಿ, ಅವನ ಗಂಗಾಳದ ಮುಂದ ನಿಂತುಬಿಡ್ತಿ. ಅಲ್ಲಿಂದಲೇ ತಿರುಗಿ ಒಲಿಗೆ ಹೋಗ್ತಿ. ಅದರ ಆಚಿ ನಾ ಕುಂತಿರ್ತೀನಿ ಅವ್ವ. ಕೈ ಚಾಚಿ ನಾನೇ ತೊಗೊಂತೀನಿ, ಅದೇನೂ ದೊಡ್ಡ ಮಾತಲ್ಲ. ಆದ್ರ ಪಾಠ ಓದುವಾಗ ಇದೇ ನೆನಪಾಗ್ತೈತಿ.

ತೆಗಿ ಅನ್ನಾಕತ್ತಿಲ್ಲ. ಗಂಗಾಳ ಇರಲಿ. ನಾ ಅಂದದ್ದು...

ಮತ್ತ ಬಾಜೂ ಮನಿ ಆದಮ್ಮ ಹೇಳೋ ಮಾತೇನು? ಕಾಲುವೆ ತಾ ಒಯ್ದವರನ್ನ, ನೀರು ಬಂದ್ ಆದ ಮ್ಯಾಲ, ಮುದಗಲ್ ಕೋಟಿಯೊಳಗಿನ ಬಾವಿಯಿಂದ ಹೊರಗ ಕಳಸ್ತೈತಂತ. ಹಿಂದ ಒಬ್ಬ ಹುಡುಗ ಹಂಗೇ ಬಂದಾನಂತ. ಆಕಿ ಎದುರು ನಾ ಒಂದು ಮಾತೂ ಅಂದಿಲ್ಲ, ಆ ಕಥಿ ಕೇಳಿದ ದಿನ ನಿನಗ ಚಲೋ ನಿದ್ದಿ ಬರ್ತಿತ್ತು. ಆದ್ರ ಒಳಗೊಳಗ ವಿಚಾರ ಮಾಡಿ ನೋಡಿದೆ. ಆ ಹುಡುಗನ ಹೆಸರೇನು ಅಂದ್ರ ಒಬ್ಬರು ಒಂದು ಹೇಳ್ತಾರ, ಮತ್ತೊಬ್ಬರು ಮತ್ತೊಂದು. ಕೇಳಿದವರು ಬಾಳ ಮಂದಿ ಅದಾರ, ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಕೋಟಿ ಕಟ್ಟಿದ್ದು ಯಾವ ಕಾಲಕ್ಕ, ಕಾಲುವೆ ತೋಡಿದ್ದು ಯಾವ ಕಾಲಕ್ಕ? ಎರಡಕ್ಕೂ ಸುರಂಗ ಯಾರು ಕೂಡಿಸಬೇಕು? ಕಾಲುವೆ ನೀರು ಆ ಊರ ಕಡಿ ಹರಿಯಂಗೂ ಇಲ್ಲ.

ಹೌದು, ಗೊತ್ತೈತಿ. ಈ ವಾರ ನೀರು ಬಂದ್ ಆಗೈತಿ. ‘ಇನ್ನ ಬರ್ತಾನ’ ಅಂತ ನೀ ಓಣಿಯ ಪಂಪಮ್ಮನ ಮುಂದ ಅಂದದ್ದು ಕೇಳಿಸಿಕೊಂಡೀನಿ.

ನಾನಾ? ಕಾಲುವೆ ನೋಡಿದೆ... ಬಸ್ಸಿನ ಕಿಡಕಿಯಿಂದ ಕಂಡ್ತು. ಒಣಗೈತಿ. ತಳದಾಗ ಕೆಸರು ಬಿರಿಕಿ ಬಿಟ್ಟೈತಿ. ಗೇಟಿನ ಹತ್ರ ಮಂದಿ ಗುಂಪು ಕೂಡಿ... ಕೆಲಸದವರು, ಹೂಳು ತೆಗಿಯೋವರು. ಮತ್ಯಾರು ಇರ್ತಾರ?

ಬೆರಳು ಯಾಕ ನೋಡ್ತಿ? ಪೆನ್ನಿನ ಮಸಿ ಎಲ್ಲಿರ್ತೈತಿ, ಜಳಕ ಮಾಡೀನಿ ಅಂದೆನಲ್ಲ.

ನಾ ಏನು ಉತ್ತರ ಬರೆದೆ ಅಂತ ಕೇಳವಲ್ಲಿ ಯಾಕ? ಯಾವಾಗಲೂ ಕೇಳ್ತಿದ್ದಿ. ಪ್ರಶ್ನೆ ಆದ ಮ್ಯಾಲ ಉತ್ತರ ಕೇಳ್ತಿದ್ದಿ. ಉತ್ತರ ಇನ್ನೂ ಐತಿ ಅವ್ವ. ಇಂಥ ಗುರುತು ಹೆಚ್ಚಾದ್ರ ಹುಡುಕಾಟ ಭಾರ ಆಗ್ತೈತಿ. ಆವಾಗ ಇದ್ದವರನ್ನೆಲ್ಲ ಎಬ್ಬಿಸಿ ಹೊಸ ಪಂಕ್ತಿ ಹಾಕಬೇಕು. ಆ ಒಂದು ದಿನದ ಭಾರ ದೊಡ್ಡದು. ಅದನ್ನ ಹಗುರಾದ ದಿನಗಳ ಮ್ಯಾಲ ಹಂಚಿ, ಒಟ್ಟಿನ ಮ್ಯಾಲ ತಡಕೊಳ್ಳಬಹುದು ಅಂತ ಸಿದ್ಧ ಮಾಡಿ ತೋರಸ್ತಾರ. ಪುಸ್ತಕದಾಗ ಆ ಲೆಕ್ಕ ಕೂಡಿ ಬರ್ತೈತಿ. ನನಗ ಇವತ್ತು...



ಒಲಿ ಯಾಕ ಆರಿಸಿದಿ? ರೊಟ್ಟಿ ಇನ್ನೂ ಅರ್ಧ ಬೆಂದಿಲ್ಲ. ಅಜ್ಜಿ ತೀರಿಕೊಂಡ ದಿನ ನೀ ಹಿಂಗೇ ಆರಿಸಿದ್ದಿ. ಹಂಚಿನ ಮ್ಯಾಲ ರೊಟ್ಟಿ ಹಂಗೇ ಬಿಟ್ಟಿದ್ದಿ...

ನಾ ಪರೀಕ್ಷೆ ಬರೆದಿಲ್ಲ ಅವ್ವ. ಲಿಂಗಸುಗೂರಿನ ಬಸ್ಸಿಗೆ ನಿಂತಾಗ ಪೊಲೀಸರ ಫೋನ್ ಬಂತು. ರಸ್ತೆ ದಾಟಿ ಆಚಿ ಕಡಿಗೆ ನಿಂತು ಸಿಂಧನೂರಿನ ಬಸ್ ಹತ್ತಿದೆ. ಪ್ರಶ್ನೆ ಏನಿತ್ತು ಅಂತ ನಗ್ಮಾ ಮಧ್ಯಾಹ್ನ ತನ್ನ ಮನಿಗೆ ಬಂದ ಮ್ಯಾಲ ಹೇಳಿದ್ಲು. ಅದೇ ಪ್ರಶ್ನೆ ಬಂದಿತ್ತು. ಗೇಟಿನ ಹತ್ರ, ಕೆಸರೊಳಗ... ನೀ ಮಾಡಿಸಿ ಹಾಕಿದ್ದ ಬೆಳ್ಳಿ ಕಡಗ ಇತ್ತು. ಬ್ಯಾರೆ ಏನೂ ಗುರುತು ಹಿಡಿಯಂಗ ಇರಲಿಲ್ಲ. ಹೌದು, ನಮ್ಮ ಅಣ್ಣನೇ ಅಂತ ನಾ ಹೇಳಿ ಬಂದೀನಿ.

ಬೋರಲು ಹಾಕಿದಿ. ಅವನ ಗಂಗಾಳ ಬೋರಲು ಹಾಕಿದಿ...

ನಿಧಾನ ಬಾ. ಕತ್ತಲಿ ಆಗೈತಿ, ಕಾಲಿಗೆ ತಂಬಿಗಿ ತಾಕೀತು. ಸೆರಗಿನಿಂದ ತಲಿ ಒರಸಬ್ಯಾಡ ಅವ್ವ, ಅದಾಗೇ ಆರ್ತೈತಿ, ಸೆರಗೆಲ್ಲ ತೊಯ್ತೈತಿ...

ಸಾವಿಗೆ ಹೋಗಿ ಬಂದವರ ಕೂದಲು ಹಿಂಗೇ ಹಸಿ ಇರ್ತಾವ ಅಂತ, ನಾ ಬಾಗಿಲಿಗೆ ಬಂದು ನಿಂತಾಗಲೇ ನಿನಗ ತಿಳಿದಿತ್ತಾ?

ತಿಳಿದ ಮ್ಯಾಲೂ ಪಾಠ ಕೇಳಿದಿಯಾ ಅವ್ವ, ಪೂರಾ?