ಜಾಸ್ಮಿನ್ ಎಂದು ಕುಡಿದದ್ದು

ಬಡಾವಣೆಯಲ್ಲಿ ಎಲ್ಲರೂ ಪರದೆಯಮ್ಮ ಎಂದು ಕರೆಯುವ ನಾನು, ವಯಸ್ಸು ಅರವತ್ತೊಂದು, ಉದ್ಯೋಗ ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿಯುವುದು, ವಾಸ ಗಿಡಗಳ ನರ್ಸರಿಯ ಎದುರಿನ ಕಟ್ಟಡದ ಮೂರನೇ ಮಹಡಿ, ಈ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಒರಗಿ ಕುಳಿತು, ವೈದ್ಯರ ಎದುರಿನಲ್ಲಿ, ಪೊಲೀಸ್ ಅಧಿಕಾರಿಗಳಾದ ತಮಗೆ ಈ ಮೂಲಕ ತಿಳಿಸುವುದೇನೆಂದರೆ:

ಮನೆಯಲ್ಲಿ ನಾನು, ಮಗ, ಸೊಸೆ ಮೂವರೇ. ಮಗ ಲಾರಿ ಓಡಿಸುತ್ತಾನೆ, ಈಗ ಊರಲ್ಲಿಲ್ಲ. ಸೊಸೆ ಕೊರಿಯರ್ ಆಫೀಸಿಗೆ ಹೋಗುತ್ತಾಳೆ. ಮಗಳನ್ನು ಇದೇ ಊರಿನ ಇನ್ನೊಂದು ಬಡಾವಣೆಗೆ ಕೊಟ್ಟಿದೆ. ನನಗೂ ಸೊಸೆಗೂ ಎಣ್ಣೆ ಸೀಗೆಕಾಯಿ ಎಂಬುದು ಕಟ್ಟಡಕ್ಕೆಲ್ಲ ಗೊತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಯಜಮಾನರು ತೀರಿಕೊಂಡ ಮೇಲೆ ನನಗೆ ನಿದ್ದೆ ಹತ್ತುವುದಿಲ್ಲ. ಮಂಚದ ಆ ಪಕ್ಕ ನೋಡಲಾಗದೆ ಎದ್ದು ಹೊಲಿಗೆ ಯಂತ್ರದ ಮುಂದೆ ಕೂರುತ್ತೇನೆ. ಅದರ ಸದ್ದಿಗೆ ಗೋಡೆಯ ಆಚೆ ಸೊಸೆಗೂ ನಿದ್ದೆಯಿಲ್ಲ. ನಿನ್ನೆ ಬೆಳಿಗ್ಗೆ ಇದೇ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಕೆಲಸಕ್ಕೆ ಹೊರಟವಳು ಮೆಟ್ಟಿಲ ಬಳಿ ನಿಂತು, "ಇರಿ ಅತ್ತೆ, ಇವತ್ತು ನಿಮ್ಮನ್ನ ಮಲಗಿಸಿಯೇ ತೀರ್ತೀನಿ" ಎಂದು ಗಟ್ಟಿಯಾಗಿ ಹೇಳಿದ್ದು ನಿಜ. ಪಕ್ಕದ ಮನೆಯವರು ಕೇಳಿಸಿಕೊಂಡದ್ದೂ ನಿಜ. ಆದರೆ ಅವಳು ಹೇಳಿದ್ದು ನಿದ್ದೆಯ ಮಾತು.

ಸಂಜೆ ಆರಕ್ಕೆ ಬಂದವಳು ಚಪ್ಪಲಿ ಬಿಡುವ ಮೊದಲೇ ಫೋನ್ ತೋರಿಸಿ, ಜಾಸ್ಮಿನ್ ಹೂವಿನ ಚಹಾ ಕುಡಿದರೆ ಚೆನ್ನಾಗಿ ನಿದ್ದೆ ಬರುತ್ತದೆಂದು ಇಂಗ್ಲಿಷಿನಲ್ಲಿ ಬರೆದಿದ್ದಾರೆ ಎಂದಳು. ನಮ್ಮ ಬಾಲ್ಕನಿಯಲ್ಲಿ ಹೋದ ತಿಂಗಳು ನರ್ಸರಿಯಿಂದ ತಂದ ಬಳ್ಳಿ ಇದೆ. ಕುಂಡಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಟಿಯಲ್ಲಿ ಜಾಸ್ಮಿನ್ ಎಂದೇ ಇದೆ. ಅವಳು ಒಂದು ಹಿಡಿ ಹೂ ಕಿತ್ತು ತಂದಳು. ಮಲ್ಲಿಗೆ ಬೆಳ್ಳಗಿರುತ್ತೆ, ಇದೇನೇ ಅರಿಶಿನ ಬಳಿದ ಹಾಗಿದೆ ಎಂದೆ. ಮಲ್ಲಿಗೆಗೇ ಇಂಗ್ಲಿಷಲ್ಲಿ ಜಾಸ್ಮಿನ್ ಅನ್ನುವುದು, ಬಣ್ಣ ಏನಾದರೇನು, ವಾಸನೆ ನೋಡಿ ಎಂದಳು. ವಾಸನೆ ಚೆನ್ನಾಗಿತ್ತು. ನಾನೂ ಒಪ್ಪಿದೆ.

ಚಹಾ ಮುಂದಿಟ್ಟಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಮೊದಲು ನೀನು ಕುಡಿ, ನೋಡೋಣ" ಎಂದೆ. ಅವಳು ನನ್ನ ಮುಖ ನೋಡಿದಳು. ಅದೇ ಲೋಟ ಎತ್ತಿ ನಾಲ್ಕೈದು ಗುಟುಕು ಕುಡಿದು, ಮತ್ತೆ ತುಂಬಿಸಿ ಕೊಟ್ಟಳು. ನಾನು ಪೂರ್ತಿ ಕುಡಿದೆ. ಇದನ್ನು ದಯವಿಟ್ಟು ಸ್ಪಷ್ಟವಾಗಿ ಬರೆದುಕೊಳ್ಳಬೇಕು: ಅವಳೂ ಕುಡಿದಿದ್ದಾಳೆ.

ಸುಮಾರು ಒಂದು ಗಂಟೆಯ ನಂತರ ನನ್ನ ರೆಪ್ಪೆ ಭಾರವಾಯಿತು. ನಿದ್ದೆ ಬಂತೆಂದು ಸಂತೋಷಪಟ್ಟೆ. ಆಮೇಲೆ ಎದುರಿಗೆ ಇಬ್ಬರು ಸೊಸೆಯರು ಕಂಡರು. ಒಬ್ಬಳ ಜೊತೆಯೇ ಏಗಲಾರದವಳು, ದೇವರೇ ಇದೇನು ಶಿಕ್ಷೆ ಎಂದುಕೊಂಡೆ. ಹೇಳಲು ಹೋದರೆ ನಾಲಿಗೆ ಹೊರಳಲಿಲ್ಲ. ಕತ್ತು ನಿಲ್ಲಲಿಲ್ಲ, ಉಸಿರು ಕಟ್ಟಿದ ಹಾಗಾಯಿತು.

ಸೊಸೆ ಆಂಬುಲೆನ್ಸಿಗೆ ಫೋನ್ ಮಾಡುವಾಗ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಲಿಫ್ಟ್ ಇಲ್ಲದ ಕಟ್ಟಡ. ನನ್ನ ಕೈಯನ್ನು ತನ್ನ ಹೆಗಲಿಗೆ ಹಾಕಿಕೊಂಡು, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ, ಮೂರು ಮಹಡಿ ಇಳಿಸಿದಳು. ದಾರಿಯುದ್ದಕ್ಕೂ "ಅತ್ತೆ, ಉಸಿರು ಎಳ್ಕೊಳ್ಳಿ, ಬೈಯೋದಾದ್ರೂ ಬೈಯಿರಿ, ಸುಮ್ಮನಿರಬೇಡಿ" ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ನನಗೆ ಆಕ್ಸಿಜನ್ ಹಾಕಿದರು. ಸೊಸೆ ಉಳಿದ ಹೂವನ್ನು ಕವರಿನಲ್ಲಿ ತಂದಿದ್ದಳು. ಅದನ್ನು ವೈದ್ಯರ ಕೈಗೆ ಕೊಟ್ಟು, ನಾನೇ ಇದನ್ನು ಕೊಟ್ಟೆ, ನಾನೇ ಕೊಟ್ಟೆ ಎಂದು ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಮಗಳು ಬಂದಳು. ಪಕ್ಕದ ಮನೆಯವರು ಅವಳಿಗೆ ಬೆಳಗಿನ ಜಗಳವನ್ನು ಆಗಲೇ ಹೇಳಿದ್ದರು. ಹೆತ್ತ ತಾಯಿಯ ಬಾಯಿ ಸೊಟ್ಟಗಾಗಿರುವಾಗ ಅವಳಾದರೂ ಏನು ಯೋಚಿಸಿಯಾಳು? ಅತ್ತಿಗೆ ವಿಷ ಹಾಕಿದಳೆಂದು ತಮ್ಮಲ್ಲಿ ದೂರು ಕೊಟ್ಟಳು. ತಾವು ಸೊಸೆಯನ್ನು ಠಾಣೆಗೆ ಕರೆದೊಯ್ದಿರಿ. ನಾನು ಕೂಗಬೇಕೆಂದರೂ ದನಿ ಹೊರಡಲಿಲ್ಲ.

ಇಂದು ಬೆಳಿಗ್ಗೆ ಮಾತು ಬಂದ ಕೂಡಲೇ ವೈದ್ಯರನ್ನು ವಿಚಾರಿಸಿದೆ. ಅವರು ಹೂವಿನ ಚಿತ್ರವನ್ನು ಸಸ್ಯಶಾಸ್ತ್ರ ಕಲಿಸುವ ಒಬ್ಬರಿಗೆ ಕಳಿಸಿ ಕೇಳಿದ್ದಾರೆ. ಈ ಹಳದಿ ಹೂವಿನ ಬಳ್ಳಿಗೂ ಮಲ್ಲಿಗೆಗೂ ಯಾವ ನಂಟೂ ಇಲ್ಲ, ಇದು ಪೂರ್ತಿ ವಿಷ, ಆದರೂ ಇಂಗ್ಲಿಷಿನಲ್ಲಿ ಇದನ್ನೂ ಜಾಸ್ಮಿನ್ ಎನ್ನುತ್ತಾರೆ ಎಂದು ಗೊತ್ತಾಯಿತು. ಲಾರೆಲ್ ಎಂಬ ಹೆಸರೂ ಹಾಗೇ ಅಂತೆ, ಅಡುಗೆಗೆ ಹಾಕುವ ಎಲೆಗೂ ಅದೇ, ಬೇಲಿಗೆ ನೆಡುವ ವಿಷದ ಗಿಡಕ್ಕೂ ಅದೇ. ಹೆಸರು ಕೇಳಿ ಬಾಯಿಗಿಡಬಾರದು ಎಂದರು. ನಮ್ಮಲ್ಲೂ ಸೋದರತ್ತೆಗೂ ಗಂಡನ ತಾಯಿಗೂ ಅತ್ತೆ ಎಂದೇ ಹೆಸರು, ಸಿಗುವ ಫಲ ಬೇರೆ ಎಂದೆ. ವೈದ್ಯರು ನಕ್ಕರು.

ಆಮೇಲೆ ಅವರು, ಎರಡೆರಡು ಕಾಣುವಾಗ ಒಂದು ಕಣ್ಣು ಮುಚ್ಚಿದರೆ ಒಂದೇ ಕಾಣುತ್ತದೆ ಎಂದರು. ಆಗ ನನಗೆ ಫೋನ್ ಮಾಡುವಾಗ ಸೊಸೆ ಮುಚ್ಚಿಕೊಂಡಿದ್ದ ಕಣ್ಣು ನೆನಪಾಯಿತು. ಸೊಸೆ ಅಳುತ್ತಿರಲಿಲ್ಲ. ಅವಳಿಗೂ ವಿಷ ಏರಿತ್ತು. ಅಂಥ ಕಣ್ಣಿನಲ್ಲಿ ನನ್ನನ್ನು ಇಳಿಸಿ ತಂದು, ತನಗೆ ಹೀಗಾಗಿದೆ ಎಂದು ಯಾರಿಗೂ ಹೇಳದೆ ತಮ್ಮ ಠಾಣೆಯ ಬೆಂಚಿನ ಮೇಲೆ ಹೋಗಿ ಕುಳಿತಿದ್ದಾಳೆ.

ಇಷ್ಟು ಹೇಳಿದಾಗ ತಾವು ಬರೆಯುವುದನ್ನು ನಿಲ್ಲಿಸಿ ಠಾಣೆಗೆ ಫೋನ್ ಮಾಡಿದಿರಿ. ಜೀಪಿನಲ್ಲಿ ಸೊಸೆಯನ್ನು ಇಲ್ಲಿಗೆ ಕರೆತಂದರು. ರೆಪ್ಪೆ ಇನ್ನೂ ಅರ್ಧ ಇಳಿದೇ ಇತ್ತು. ವೈದ್ಯರು ಪರೀಕ್ಷಿಸಿ, ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಇಲ್ಲೇ ಇರಬೇಕು ಎಂದರು. ಅವಳು ಒಳಗೆ ಬರದೆ ವಾರ್ಡಿನ ಬಾಗಿಲಲ್ಲೇ ನಿಂತಳು. ನನ್ನ ಮಗಳು ಕುರ್ಚಿಯಿಂದ ಎದ್ದು, ಅದನ್ನು ನನ್ನ ಹಾಸಿಗೆಯ ಹತ್ತಿರಕ್ಕೆ ಎಳೆದು, "ಬನ್ನಿ ಅತ್ತಿಗೆ, ಕೂತ್ಕೊಳ್ಳಿ" ಎಂದು ಹೇಳಿ ಗೋಡೆಯ ಕಡೆ ತಿರುಗಿ ಅತ್ತಳು. ಹೆದರಿ ಕೊಟ್ಟ ದೂರಿಗೆ ಅವಳ ಮೇಲೂ ಕ್ರಮ ಬೇಡ. ನರ್ಸರಿಯವರೂ ಗಿಡದ ಜೊತೆ ಬಂದ ಚೀಟಿಯನ್ನೇ ಸಿಕ್ಕಿಸಿದವರು. ಆ ಬಳ್ಳಿಯ ಉಳಿದ ಕುಂಡಗಳಿಗೆ, ಇದು ವಿಷ ಎಂದು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಬರೆಸಬೇಕೆಂದು ಮಾತ್ರ ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ. ಒಂದು ತಿದ್ದುಪಡಿ ಮಾತ್ರ ಮಾಡಿಸಿದ್ದೇನೆ: "ಆರೋಪಿ" ಎಂದು ಬರೆದಿದ್ದ ಕಡೆಯೆಲ್ಲ ಹೊಡೆದುಹಾಕಿಸಿ "ನನ್ನ ಸೊಸೆ" ಎಂದು ಬರೆಸಿದ್ದೇನೆ.

ಸ್ಥಳ: ಆಸ್ಪತ್ರೆಯ ಮಹಿಳಾ ವಾರ್ಡು
ದಿನಾಂಕ: ಚಹಾ ಕುಡಿದ ಮರುದಿನ
ಸಹಿ: ಪರದೆಯಮ್ಮ (ಕೈ ನಡುಗುತ್ತಿದ್ದುದರಿಂದ ಸೊಸೆ ಕಾಗದ ಹಿಡಿದುಕೊಂಡಳು)