ಮೈ ಕೊಡವದ ಮರಿ

ಮಳವಳ್ಳಿ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಅವರೆಕಾಯಿ ಚೀಲ ಇಟ್ಟುಕೊಂಡು ಕೂತಿದ್ದ ಅಂಕಮ್ಮನಿಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತವರಿಗೆ ಬಂದುಬಿಟ್ಟಿದ್ದ ಸೊಸೆಯನ್ನು ವಾಪಸು ಕರೆಯಲು ಮುದುಕನೊಬ್ಬ ಬಂದಿದ್ದ.

“ಅಬ್ಬಕ್ಕೆ ಮರಿ ಕಡೀತೀವಿ, ಬಾ ಸುನಿತಾ. ನನ್ ಮಗ ನಿಂಗೆ ಒಡ್ದಿದ್ದ ಮರ್ತ್‌ಬುಡು. ಗಂಡಸ್ರ ರಕ್ತವೇ ಅಂಗೆ.”

“ರಕ್ತದ ಮಾತು ಬುಡಿ ಮಾವ. ಈಗ ಪ್ರಾಣಿ ಕೊಲ್ದೆ ಲ್ಯಾಬಲ್ಲೇ ಬಾಡು ಬೆಳೀತಾವ್ರೆ.”

“ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜ್ಗೆ ಕೆಲ್ಸಕ್ಕೋಗಿ ಮಾತು ಕಲ್ತೆ! ಬೇಟೆ ಆಡ್ಕಂಡು ಬದುಕಿದ ಜಾತಿ ಕಣಮ್ಮ ಮನ್ಸ. ಒಡೆಯೋದು, ಕೊಲ್ಲೋದು ಉಟ್ಟುಗುಣ.”

“ಸಾವ್ಕಾರ ಬೈದ್ರೆ ನಿಮ್ಮ ಮಗ ತಲೆ ಬಗ್ಗಿಸ್ಕಂಡು ನಿಂತ್ಕತಾನಲ್ಲ, ಆಗ ಎಲ್ಲೋಯ್ತದೆ ಉಟ್ಟುಗುಣ?”

ಮುದುಕ ದನಿ ತಗ್ಗಿಸಿದ.

“ನಾವೇನು ಕಟುಕರಾ? ಮರಿ ಮ್ಯಾಲೆ ನೀರಾಕಿ, ಅದು ಮೈ ಕೊಡವಿ ಒಪ್ಪಿದ್ ಮ್ಯಾಲೇ ಕಡಿಯೋದು.”

“ಕೊಡವಾಗಂಟ ಕಿವಿಗೆ ನೀರು ಉಯ್ತಾನೇ ಇರ್ತೀರಲ್ಲ! ನಾ ಒಪ್ಪೋಗಂಟ ನಂಗೂ ಅಂಗೇ ಮಾಡ್ತಾ ಇದ್ದೀರ. ಮೊದ್ಲು ಅತ್ತೆ ಬಂದ್ರು, ಆಮೇಲೆ ಊರ ಯಜಮಾನ್ರು, ಇವತ್ತು ನೀವು.”

ಮಂಡ್ಯದ ಬಸ್ಸು ಬಂತು. ಅಂಕಮ್ಮ ಚೀಲ ಸರಿಸಿ ದಾರಿ ಬಿಟ್ಟಳು. ಸುನಿತಾ ಮೆಟ್ಟಿಲೇರಿ ತಿರುಗಿದಳು.

“ನಾ ಕೊಡವಾಕಿಲ್ಲ, ಮಾವ.”